ಕಿಟಕಿಯ ಋಣ

(ಕೂಟದ ಅತಿಥಿ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಕೃತಜ್ಞತೆ, ಪೂರ್ಣತೆ ಮತ್ತು ಕರುಣೆ ಎಂಬ ಮೂರು ಶಬ್ದಗಳನ್ನು ನಮ್ಮ ಕೈಗಿತ್ತು, ಅವುಗಳ ಕುರಿತು ಈ ಸಂಜೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರಿ ಸಮಿತಿಯವರು ಕೇಳಿದ್ದಾರೆ. ಇಂತಹ ವಿಷಯಗಳಲ್ಲಿ ಅಧಿಕಾರವಾಣಿಯಿಂದ ನುಡಿಯಬಲ್ಲವರು ಸಾಧಕರು, ಶಾಸ್ತ್ರಜ್ಞರು. ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡೇ ಮೂವತ್ತು ವರ್ಷ ಕಳೆದ ನಮ್ಮಂಥವರು ಅಧ್ಯಾತ್ಮದ ವ್ಯಾಸಪೀಠವನ್ನೇರುವುದು ಅಧಿಕಪ್ರಸಂಗವೆನಿಸೀತು. ಆದುದರಿಂದ ಉಪದೇಶದ ಗೊಡವೆಗೆ ಹೋಗದೆ ನಾವು ಒಂದು ಚರಿತ್ರೆಯನ್ನು ಹೇಳುತ್ತೇವೆ. ಇನ್ನು ವಾಸಿಯಾಗುವುದಿಲ್ಲವೆಂದು ತೀರ್ಮಾನವಾದ ರೋಗಿಯ ವಿಷಯದಲ್ಲಿ ಉಳಿದವರ ಕರ್ತವ್ಯವೇನು ಎಂಬ ಒಂದೇ ಪ್ರಶ್ನೆಗೆ ಮನುಷ್ಯರು ಕಾಲದಿಂದ ಕಾಲಕ್ಕೆ ಕೊಟ್ಟ ಉತ್ತರಗಳ ಚರಿತ್ರೆ ಅದು. ಮೇಲಿನ ಮೂರು ಶಬ್ದಗಳಲ್ಲಿ ತಿರುಳೆಷ್ಟು, ಜೊಳ್ಳೆಷ್ಟು ಎಂಬುದು ಆ ಹಾಸಿಗೆಯ ಬಳಿ ತಿಳಿಯುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ತಿಳಿಯದು. ಊರಿನಲ್ಲಿ ವೃದ್ಧ ತಂದೆತಾಯಿಯರನ್ನು ಬಿಟ್ಟು ಬಂದು, ಇಲ್ಲಿ ನಾವೇ ವೃದ್ಧರಾಗತೊಡಗಿರುವ ಈ ಹೊತ್ತಿನಲ್ಲಿ ಈ ಚರಿತ್ರೆ ನಮಗೆ ದೂರದ್ದೂ ಅಲ್ಲ.

ಮೊದಲು ಶಬ್ದಗಳ ಮನೆಯೊಳಕ್ಕೆ ಒಮ್ಮೆ ಇಣುಕಿ ನೋಡೋಣ. ಕೃತಜ್ಞ ಎಂದರೆ ತನಗಾಗಿ ಇನ್ನೊಬ್ಬರು ಮಾಡಿದ್ದನ್ನು ಬಲ್ಲವನು. ಅಲ್ಲಿ ಅರಿವು ಮುಖ್ಯ. ಧನ್ಯವಾದದ ಮಾತು ಆಮೇಲಿನದು. ದಿನಕ್ಕೆ ನೂರು ಸಲ ಥ್ಯಾಂಕ್ಸ್ ಎನ್ನುವುದನ್ನು ನಾವು ಈ ದೇಶಕ್ಕೆ ಬಂದು ಕಲಿತೆವು. ನಮ್ಮ ಅಜ್ಜಿಯಂದಿರು ಅಂತಹ ಮಾತನ್ನು ಒಮ್ಮೆಯೂ ಆಡಿದವರಲ್ಲ. ಆದರೆ ಬರಗಾಲದಲ್ಲಿ ಸೇರು ರಾಗಿ ಕೊಟ್ಟ ಮನೆಯವರ ಋಣವನ್ನು ಮೂರು ತಲೆಮಾರಿನವರೆಗೆ ನೆನಪಿಟ್ಟುಕೊಂಡಿರುತ್ತಿದ್ದರು. ಅನುಕಂಪವೆಂದರೆ ಇನ್ನೊಂದು ಜೀವ ನಡುಗುವಾಗ ಜೊತೆಯಲ್ಲಿ ನಡುಗುವುದು. ಇನ್ನು ಸ್ವಸ್ಥ ಎಂದರೆ ತನ್ನಲ್ಲಿ ತಾನು ನೆಲೆನಿಂತವನು. ಸುಶ್ರುತಸಂಹಿತೆಯು ಆರೋಗ್ಯವಂತನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೋಲವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂದೂ ಸೇರಿಸುತ್ತದೆ. ಇಂಗ್ಲಿಷಿನಲ್ಲಿಯೂ ಹೆಲ್ತ್ ಎಂಬ ಶಬ್ದ, ಇಡಿಯಾದದ್ದು ಎಂಬರ್ಥದ ಹೋಲ್ ಎಂಬ ಶಬ್ದದ ಒಡಹುಟ್ಟು.

ಶಬ್ದಗಳು ಇಷ್ಟು ಉದಾರವಾಗಿದ್ದರೂ ವೈದ್ಯಶಾಸ್ತ್ರದ ನಡೆ ಅಷ್ಟು ಉದಾರವಾಗಿರಲಿಲ್ಲ ಎಂಬುದನ್ನು ನಾವು ವೈದ್ಯರೇ ಒಪ್ಪಿಕೊಳ್ಳಬೇಕು. ಅಸಾಧ್ಯ ವ್ಯಾಧಿಗೆ ಚಿಕಿತ್ಸೆಗಿಳಿಯುವ ವೈದ್ಯನು ಧನ, ವಿದ್ಯೆ, ಕೀರ್ತಿಗಳನ್ನು ಕಳೆದುಕೊಳ್ಳುತ್ತಾನೆಂದು ಚರಕಸಂಹಿತೆ ಎಚ್ಚರಿಸುತ್ತದೆ. ಪ್ರಾಚೀನ ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲೊಂದು ಕೂಡ, ರೋಗವು ಪೂರ್ತಿಯಾಗಿ ಆಕ್ರಮಿಸಿಕೊಂಡವರಿಗೆ ಚಿಕಿತ್ಸೆ ಮಾಡಲು ಒಪ್ಪದಿರುವುದನ್ನು ವೈದ್ಯವೃತ್ತಿಯ ಲಕ್ಷಣಗಳಲ್ಲಿ ಸೇರಿಸುತ್ತದೆ. ಇದನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವಂತಿಲ್ಲ. ಸಾಯುವವನ ಮನೆಯಿಂದ ಸುಳ್ಳು ಭರವಸೆ ಕೊಟ್ಟು ಹಣ ಎತ್ತುವ ಕಪಟ ವೈದ್ಯರಿಗೆ ಆ ಕಾಲದಲ್ಲಿಯೂ ಕೊರತೆಯಿರಲಿಲ್ಲ. ಆ ವಿಧಿಯ ಹಿಂದೆ ಪ್ರಾಮಾಣಿಕತೆಯೂ ಇದೆ.

ಅದೇ ಚರಕಸಂಹಿತೆಯಲ್ಲಿ ಇನ್ನೊಂದು ಸ್ವಾರಸ್ಯಕರ ಸ್ಥಳವಿದೆ. ವೈದ್ಯನ ವೃತ್ತಿ ನಾಲ್ಕು ಬಗೆಯದೆಂದು ಹೇಳುವಾಗ ಮೈತ್ರಿ, ರೋಗಿಗಳಲ್ಲಿ ಕಾರುಣ್ಯ, ವಾಸಿಯಾಗಬಲ್ಲವರಲ್ಲಿ ಪ್ರೀತಿ ಎಂದು ಮೂರನ್ನು ಹೇಳಿ, ನಾಲ್ಕನೆಯದಾಗಿ ಉಪೇಕ್ಷೆಯನ್ನು ಹೇಳಿದೆ. ಇದು ಮರಣಾಸನ್ನರಾದವರ ವಿಷಯದಲ್ಲಿ ಎಂದು ವ್ಯಾಖ್ಯಾನಕಾರರು ಅರ್ಥಮಾಡುತ್ತಾರೆ. ಇಂದಿನ ಕನ್ನಡದಲ್ಲಿ ಉಪೇಕ್ಷೆಯೆಂದರೆ ಕಡೆಗಣಿಸುವುದು. ಆದರೆ ಬೌದ್ಧರಲ್ಲಿಯೂ ಯೋಗಶಾಸ್ತ್ರದಲ್ಲಿಯೂ ಮೈತ್ರಿ, ಕರುಣೆ, ಮುದಿತೆಗಳ ಸಾಲಿನಲ್ಲಿ ನಾಲ್ಕನೆಯದಾಗಿ ಬರುವ ಉಪೇಕ್ಷೆ ಒಂದು ಸದ್ಗುಣ. ವಿಚಲಿತವಾಗದೆ ನೋಡುವ ಸಮಚಿತ್ತತೆ. ಶಬ್ದದೊಳಗಿನ ಧಾತುವಿನ ಅರ್ಥವೇ ನೋಡುವುದು ಎಂದು. ಗೆಲ್ಲಲಾಗದ ರೋಗದ ಮುಂದೆ ಧೃತಿಗೆಡದೆ ನೋಡುತ್ತ ನಿಲ್ಲಬೇಕಾದವನು ಯಾವಾಗಲೋ ಮುಖ ತಿರುಗಿಸಿಕೊಂಡ. ಶಬ್ದದ ಅರ್ಥವೂ ಅವನ ಹಿಂದೆಯೇ ಹೋಯಿತು ಎಂದು ನಮಗೆ ತೋರುತ್ತದೆ. ಕನ್ನಡದ ಅದೃಷ್ಟಕ್ಕೆ ನಮ್ಮಲ್ಲಿ ಇನ್ನೊಂದು ಶಬ್ದ ಕೆಡದೆ ಉಳಿದಿದೆ. ಹಳಗನ್ನಡದ ಆರಯ್ ಎಂದರೆ ವಿಚಾರಿಸಿ ನೋಡು, ಹುಡುಕಿ ತಿಳಿ ಎಂದು. ಆರೈಕೆ ಹುಟ್ಟಿದ್ದು ಅದರಿಂದ.

ವೈದ್ಯರು ಬಿಟ್ಟುಹೋದ ಹಾಸಿಗೆಯ ಬಳಿ ಕುಳಿತವರು ಬಹುಮಟ್ಟಿಗೆ ಮನೆಯ ಹೆಂಗಸರು ಹಾಗೂ ಧರ್ಮಸಂಸ್ಥೆಗಳವರು. ಯುರೋಪಿನಲ್ಲಿ ಯಾತ್ರಿಕರಿಗೂ ರೋಗಿಗಳಿಗೂ ಆಶ್ರಯ ಕೊಡುತ್ತಿದ್ದ ಮಠಗಳ ಛತ್ರಗಳಿಗೆ ಹಾಸ್ಪೈಸ್ ಎಂಬ ಹೆಸರು ಬಂತು. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಅತಿಥಿ ಎಂದೂ ಅರ್ಥ, ಆತಿಥೇಯ ಎಂದೂ ಅರ್ಥ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಎಲ್ಲವೂ ಅದೇ ಬಳ್ಳಿಯ ಕಾಯಿಗಳು. (ಅತಿಥಿ ಉಪನ್ಯಾಸಕರಿಗೆ ಇದು ಸಮಾಧಾನದ ಸಂಗತಿ.) ಜೆರೂಸಲೇಮಿನ ಸಂತ ಜಾನರ ಪಂಥದವರು 12ನೆಯ ಶತಮಾನದಲ್ಲಿ ರಚಿಸಿಕೊಂಡ ನಿಯಮಗಳಲ್ಲಿ ರೋಗಿಯನ್ನು ಒಡೆಯನೆಂದು ಭಾವಿಸಿ ಸೇವಿಸಬೇಕೆಂಬ ವಿಧಿಯಿದೆ. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ ಶರಣರು ಮನೆಗೆ ಬಂದ ಜಂಗಮನನ್ನೇ ಒಡೆಯನೆಂದು ಕಂಡು ದಾಸೋಹ ನಡೆಸುತ್ತಿದ್ದರು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರೆಂದು ನಾವು ಹೇಳುತ್ತಿಲ್ಲ. ಎರಡು ದೂರದ ನೆಲಗಳಲ್ಲಿ ಕೊಡುವವನು ಕೆಳಗೆ, ಪಡೆಯುವವನು ಮೇಲೆ ಎಂಬ ಒಂದೇ ತಲೆಕೆಳಗಾದ ಲೆಕ್ಕ ಮೂಡಿತ್ತೆಂಬುದಷ್ಟೇ ನಮ್ಮ ಮಾತು. ಮುಂದೆ 1842ರಲ್ಲಿ ಫ್ರಾನ್ಸಿನ ಲಿಯಾನಿನಲ್ಲಿ, 1879ರಲ್ಲಿ ಡಬ್ಲಿನ್ನಿನಲ್ಲಿ, 1905ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ, ಸಾಯುವವರಿಗಾಗಿಯೇ ಮೀಸಲಾದ ಮನೆಗಳು ಹುಟ್ಟಿಕೊಂಡವು. ನಡೆಸುತ್ತಿದ್ದವರು ಧರ್ಮನಿಷ್ಠ ಮಹಿಳೆಯರು. ಅಲ್ಲಿ ಪ್ರೀತಿಯಿತ್ತು, ಪ್ರಾರ್ಥನೆಯಿತ್ತು. ನೋವನ್ನು ನೀಗುವ ವಿದ್ಯೆ ಮಾತ್ರ ಅಷ್ಟಾಗಿ ಇರಲಿಲ್ಲ.

ಈ ಪ್ರೀತಿಗೆ ವಿದ್ಯೆಯನ್ನು ಕೂಡಿಸಿದವರು ಸಿಸಿಲಿ ಸಾಂಡರ್ಸ್. 1918ರಲ್ಲಿ ಲಂಡನ್ನಿನ ಬಳಿಯ ಬಾರ್ನೆಟ್ಟಿನಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಯುದ್ಧ ಬಂತು. ಓದನ್ನು ಅರ್ಧಕ್ಕೆ ನಿಲ್ಲಿಸಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯ ತರಬೇತಿ ಪಡೆದರು. ಬೆನ್ನುನೋವು ಆ ಕೆಲಸವನ್ನು ಬಿಡಿಸಿತು. ಮತ್ತೆ ಓದಿ, ರೋಗಿಗಳ ಸಂಸಾರದ ಕಷ್ಟಸುಖ ವಿಚಾರಿಸುವ ಅಧಿಕಾರಿಯಾಗಿ 1947ರಲ್ಲಿ ಅದೇ ಆಸ್ಪತ್ರೆಯನ್ನು ಸೇರಿದರು. ಆಗ ಅವರ ವಾರ್ಡಿನಲ್ಲಿದ್ದ ಒಬ್ಬ ರೋಗಿ ಡೇವಿಡ್ ಟಾಸ್ಮಾ. ಪೋಲೆಂಡಿನ ವಾರ್ಸಾದಿಂದ ಬಂದ ಯಹೂದಿ, ಹೋಟೆಲಿನಲ್ಲಿ ಬಡಿಸುವ ಕೆಲಸದವನು, ವಯಸ್ಸು ನಲವತ್ತು, ಶಸ್ತ್ರಚಿಕಿತ್ಸೆಗೆ ನಿಲುಕದ ಕ್ಯಾನ್ಸರು. ಲಂಡನ್ನಿನಲ್ಲಿ ತನ್ನವರೆನ್ನುವವರು ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಬದುಕಿ ಬಂದದ್ದಕ್ಕೆ ತನ್ನ ಗುರುತೊಂದೂ ಭೂಮಿಯ ಮೇಲೆ ಉಳಿಯುವುದಿಲ್ಲವಲ್ಲ ಎಂಬುದು ಆತನ ದೊಡ್ಡ ದುಃಖವಾಗಿತ್ತು. ಪರದೇಶದಲ್ಲಿ ಬೇರೂರಲು ಹೆಣಗಿದ ನಮಗೆ ಈ ದುಃಖವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಸಿಸಿಲಿ ಅವರು ಕೆಲವು ತಿಂಗಳ ಕಾಲ ಆತನನ್ನು ಹೋಗಿ ನೋಡುತ್ತಿದ್ದರು. ಇಂತಹವರಿಗೆ ನಿಜವಾಗಿ ಬೇಕಾದದ್ದೇನು, ಎಂತಹ ಮನೆಯಿದ್ದರೆ ಅವರು ನೆಮ್ಮದಿಯಿಂದ ಇದ್ದಾರು ಎಂದು ಇಬ್ಬರೂ ಮಾತನಾಡಿಕೊಂಡರು. ಒಮ್ಮೆ ಆತ ಸಾಂತ್ವನದ ಮಾತೇನಾದರೂ ಹೇಳೆಂದಾಗ ಅವರು ಬಾಯಿಪಾಠವಿದ್ದ ಪ್ರಾರ್ಥನೆಯೊಂದನ್ನು ಹೇಳಿದರು. ಇನ್ನಷ್ಟು ಓದಲೇ ಎಂದು ಕೇಳಿದಾಗ, ತನಗೆ ಬೇಕಾದದ್ದು ಅವರ ಬುದ್ಧಿಯಲ್ಲಿ ಮತ್ತು ಹೃದಯದಲ್ಲಿ ಇರುವುದು ಮಾತ್ರ ಎಂದು ಆತ ಹೇಳಿದನಂತೆ. 1948ರ ಫೆಬ್ರವರಿಯಲ್ಲಿ ಆತ ತೀರಿಕೊಂಡ. ತನ್ನ ಉಳಿತಾಯದ 500 ಪೌಂಡನ್ನು ಸಿಸಿಲಿ ಅವರ ಹೆಸರಿಗೆ ಬಿಟ್ಟಿದ್ದ. ನೀವು ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆ ಎಂಬುದು ಆತನ ಇಚ್ಛೆ. ಆಗ ಮನೆಯಿರಲಿಲ್ಲ, ನಿವೇಶನವಿರಲಿಲ್ಲ, ಕಟ್ಟಬೇಕಾದವರು ವೈದ್ಯರೂ ಆಗಿರಲಿಲ್ಲ. ಕಿಟಕಿಯೊಂದಿತ್ತು. ಅದರ ಸುತ್ತ ಮನೆ ಕಟ್ಟಲು ತಮಗೆ 19 ವರ್ಷ ಹಿಡಿಯಿತೆಂದು ಅವರು ಮುಂದೆ ನೆನೆಯುತ್ತಿದ್ದರು.

ನಮ್ಮ ಇಡೀ ಮಾತಿನ ಗಂಟು ಇಲ್ಲಿದೆ. ಕೃತಜ್ಞತೆ ಎಂದರೆ ರೋಗಿಯು ವೈದ್ಯನಿಗೆ, ಪಡೆದವನು ಕೊಟ್ಟವನಿಗೆ ಸಲ್ಲಿಸಬೇಕಾದ ಕಾಣಿಕೆಯೆಂದು ನಾವೆಲ್ಲ ತಿಳಿದಿದ್ದೇವೆ. ಊರಿನ ಆಸ್ಪತ್ರೆಗಳಲ್ಲಿ ಬಡರೋಗಿ ಕೈಮುಗಿದು ನಿಂತಿರುವುದನ್ನು ವಿದ್ಯಾರ್ಥಿದೆಸೆಯಿಂದಲೂ ನೋಡಿ, ಅದು ಪ್ರಕೃತಿನಿಯಮವೆಂಬಂತೆ ನಮಗೆ ಒಗ್ಗಿಹೋಗಿದೆ. ಈ ಚರಿತ್ರೆಯಲ್ಲಿ ಸಾಲಗಾರರು ಆರೋಗ್ಯವಂತರು. ಸಾಯುತ್ತಿರುವ, ಬಂಧುಗಳಿಲ್ಲದ, ನೆಲೆಯಿಲ್ಲದ ಒಬ್ಬ ಮಾಣಿ ದಾನಿಯಾದ. ಅದನ್ನು ಬಲ್ಲವರಾಗಿ, ಅಂದರೆ ಅಕ್ಷರಶಃ ಕೃತಜ್ಞರಾಗಿ, ಇನ್ನೊಬ್ಬರು 19 ವರ್ಷ ಆ ಋಣವನ್ನು ಹೊತ್ತರು. ಆಧುನಿಕ ವೈದ್ಯಶಾಸ್ತ್ರದ ಒಂದು ಇಡೀ ಶಾಖೆ ಹುಟ್ಟಿದ್ದು ಇಂತಹ ಋಣಪ್ರಜ್ಞೆಯಿಂದ.

ಆ 19 ವರ್ಷಗಳಲ್ಲಿ ನಡೆದದ್ದು ಬರಿಯ ಸದ್ಭಾವನೆಯಲ್ಲ, ಕಠಿನವಾದ ದುಡಿಮೆ. ಸಿಸಿಲಿ ಅವರು ಸೇಂಟ್ ಲ್ಯೂಕ್ಸ್ ಎಂಬ ಸಾಯುವ ಬಡವರ ಮನೆಯಲ್ಲಿ ಸಂಜೆಯ ಹೊತ್ತು ಸ್ವಯಂಸೇವೆ ಮಾಡುತ್ತಿದ್ದಾಗ, ಅಲ್ಲಿ ಮಾರ್ಫಿನನ್ನು ರೋಗಿ ಕೂಗಿಕೊಂಡಾಗ ಕೊಡುವ ಬದಲು ಗಡಿಯಾರ ನೋಡಿ ಕಾಲಕಾಲಕ್ಕೆ ಬಾಯಿಯ ಮೂಲಕವೇ ಕೊಡುತ್ತಿದ್ದುದನ್ನು ಗಮನಿಸಿದರು. ಸಾಯುವವರನ್ನು ತೊರೆಯುವವರು ವೈದ್ಯರೇ ಆದ್ದರಿಂದ ನೀವೇ ವೈದ್ಯಕೀಯ ಓದಿ ಎಂದು ಶಸ್ತ್ರವೈದ್ಯರೊಬ್ಬರು ಸಲಹೆಯಿತ್ತರು. 33ನೆಯ ವಯಸ್ಸಿನಲ್ಲಿ ಓದಲಾರಂಭಿಸಿ 1957ರಲ್ಲಿ ವೈದ್ಯರಾದರು. (ನಮ್ಮ ಮಕ್ಕಳು ಇಪ್ಪತ್ತೆರಡಕ್ಕೆ ದಾರಿ ಕಾಣದಿದ್ದರೆ ಕಂಗೆಡುವ ತಂದೆತಾಯಿಯರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬಹುದು.) ಮರುವರ್ಷ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಮನೆಯನ್ನು ಸೇರಿ, ಸಾವಿರಕ್ಕೂ ಹೆಚ್ಚು ರೋಗಿಗಳ ನೋವು, ಔಷಧ, ಪ್ರಮಾಣ, ಪರಿಣಾಮಗಳನ್ನು ದಾಖಲಿಸಿದರು. ನೋವು ಮರುಕಳಿಸುವ ಮುನ್ನವೇ ಕ್ರಮವಾಗಿ ಕೊಟ್ಟರೆ ಮಾರ್ಫಿನ್ನಿನಂತಹ ಔಷಧಗಳು ಅಂತಹ ರೋಗಿಯನ್ನು ವ್ಯಸನಿಯನ್ನಾಗಿ ಮಾಡುವುದು ತೀರ ಅಪರೂಪವೆಂದೂ, ಮಂಪರಿಲ್ಲದೆ ಮಾತನಾಡುತ್ತ, ಉಣ್ಣುತ್ತ, ಮೊಮ್ಮಕ್ಕಳೊಡನೆ ನಗುತ್ತ ಇರಲು ಬಿಡುತ್ತವೆಂದೂ ತೋರಿಸಿದರು.

ಒಮ್ಮೆ ರೋಗಿಯೊಬ್ಬರನ್ನು ನೋವಿನ ವಿಷಯ ಕೇಳಿದಾಗ, ಬೆನ್ನಿನಲ್ಲಿ ಶುರುವಾದದ್ದು ಈಗ ತಾನು ಇಡಿಯಾಗಿ ಕೆಟ್ಟುಹೋದಂತಾಗಿದೆ ಎಂದು ಹೇಳಿ, ಮನೆಯವರ ಬಳಲಿಕೆ, ಹಣದ ಚಿಂತೆ, ಒಂಟಿತನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರಂತೆ. ಸಮಗ್ರ ವೇದನೆ ಎಂಬ ಪರಿಕಲ್ಪನೆಯನ್ನು ಸಿಸಿಲಿ ಅವರು 1960ರ ದಶಕದಲ್ಲಿ ರೂಪಿಸಿದ್ದು ಇಂತಹ ಮಾತುಗಳನ್ನು ಕೇಳಿಸಿಕೊಂಡು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ನೋವು, ಬದುಕಿನ ಅರ್ಥವನ್ನೇ ಪ್ರಶ್ನಿಸುವ ಆತ್ಮದ ನೋವು ಬೇರೆಬೇರೆಯಾಗಿ ಬರುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದಿಲ್ಲ. ಪೂರ್ಣತೆ ಎಂಬ ಮಾತಿಗೆ ನಮ್ಮ ವೃತ್ತಿಯಲ್ಲಿ ನಾವು ಕಂಡಿರುವ ಅತ್ಯಂತ ಖಚಿತವಾದ ಅರ್ಥ ಇದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆತ್ಮದ ನೋವೂ ಉಂಟೆಂದ ಮಾತ್ರಕ್ಕೆ ಅಧ್ಯಾತ್ಮದಿಂದ ಆರಂಭಿಸಬೇಕೆಂದಲ್ಲ. ಎಲುಬಿಗಿಳಿದ ಕ್ಯಾನ್ಸರಿನಿಂದ ಚೀರುತ್ತಿರುವವನಿಗೆ ಕರ್ಮಸಿದ್ಧಾಂತವನ್ನು ವಿವರಿಸುವುದು ಹಿಂಸೆ. ಮೊದಲು ಮಾರ್ಫಿನ್, ಆಮೇಲೆ, ಆತ ಬಯಸಿದರೆ, ಗೀತೆಯೋ ವಚನವೋ ದಾಸರ ಪದವೋ. ಮೈಯ ನೋವು ತಗ್ಗಿದ ಬಳಿಕ ಎಷ್ಟೋ ಮಂದಿ ತಾವಾಗಿಯೇ ಆ ಮಾತುಗಳಿಗೆ ಬರುವುದನ್ನು ನಾವು ಕಂಡಿದ್ದೇವೆ. ದೇಹ ಕ್ಷೀಣಿಸುತ್ತಿದ್ದರೂ ಸುಶ್ರುತನು ಹೇಳುವ ಪ್ರಸನ್ನತೆ ಮುಖದಲ್ಲಿ ನೆಲಸಿದ್ದುದನ್ನೂ ಕಂಡಿದ್ದೇವೆ.

1967ರ ಜುಲೈಯಲ್ಲಿ ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ಕ್ರಿಸ್ಟೋಫರ್ ಪ್ರಯಾಣಿಕರನ್ನು ಕಾಯುವ ಸಂತ. ಪ್ರವೇಶದ್ವಾರದ ಬಳಿ ಟಾಸ್ಮಾನ ಹೆಸರಿನ ಕಿಟಕಿಯಿದೆ. ಆರೈಕೆ, ಅಧ್ಯಾಪನ, ಸಂಶೋಧನೆ ಮೂರೂ ಒಂದೇ ಸೂರಿನಡಿ ಕೂಡಿದ್ದು ಅಲ್ಲಿ. ಅಲ್ಲಿನ ಸಂಶೋಧಕ ರಾಬರ್ಟ್ ಟ್ವೈಕ್ರಾಸ್ 1970ರ ದಶಕದಲ್ಲಿ, ಬ್ರಿಟನ್ನಿನ ವೈದ್ಯರು ಬಳಸುತ್ತಿದ್ದ ಹೆರಾಯಿನ್ನಿಗಿಂತ ಸಾಮಾನ್ಯ ಮಾರ್ಫಿನ್ ಏನೂ ಕಡಿಮೆಯಲ್ಲವೆಂದು ತೋರಿಸಿಕೊಟ್ಟರು. ಹೆರಾಯಿನ್ನನ್ನು ಔಷಧವಾಗಿ ಒಪ್ಪದ ಇತರ ದೇಶಗಳಿಗೆ ಇದರಿಂದ ಬಾಗಿಲು ತೆರೆಯಿತು. ಸಿಸಿಲಿ ಸಾಂಡರ್ಸ್ ತಾವು ಕಟ್ಟಿದ ಆ ಮನೆಯಲ್ಲಿಯೇ 2005ರ ಜುಲೈ 14ರಂದು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು.

ಅಟ್ಲಾಂಟಿಕ್ಕನ್ನು ದಾಟಿ ಈ ವಿಚಾರ ನಾವಿರುವ ನೆಲಕ್ಕೆ ಬಂದ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ಸಿಸಿಲಿ ಅವರು 1963ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸವನ್ನು ಕೇಳಿದ ದಾದಿಯರ ಶಾಲೆಯ ಡೀನ್ ಫ್ಲಾರೆನ್ಸ್ ವಾಲ್ಡ್, ಮುಂದೆ ತಮ್ಮ ಪದವಿಯನ್ನೇ ಬಿಟ್ಟು ಈ ಕೆಲಸಕ್ಕೆ ಇಳಿದರು. 1974ರಲ್ಲಿ ಕನೆಕ್ಟಿಕಟ್‌ನಲ್ಲಿ ಅಮೆರಿಕದ ಮೊದಲ ಹಾಸ್ಪೈಸ್ ಸೇವೆ ಆರಂಭವಾಯಿತು. 1982ರಲ್ಲಿ ಕಾಂಗ್ರೆಸ್ಸು ಅದನ್ನು ಮೆಡಿಕೇರಿನ ವ್ಯಾಪ್ತಿಗೆ ತಂದಿತು. ಮಾಂಟ್ರಿಯಲ್‌ನ ಬಾಲ್ಫರ್ ಮೌಂಟ್ ಅವರು, ಫ್ರೆಂಚರ ಕಿವಿಗೆ ಹಾಸ್ಪೈಸ್ ಎಂದರೆ ಅನಾಥಾಲಯದ ವಾಸನೆ ಬರುತ್ತದೆಂದು, ಪ್ಯಾಲಿಯೇಟಿವ್ ಎಂಬ ಹೆಸರನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ಉಪಶಾಮಕ ಆರೈಕೆ ಎನ್ನುತ್ತಾರೆ.

ಇಲ್ಲಿಯ ವೈದ್ಯಕೀಯ ಸಾಹಿತ್ಯದಲ್ಲಿ ನಮ್ಮಂತಹ ವಲಸಿಗರು ಓದಲೇಬೇಕಾದ ಇನ್ನೊಂದು ಹೆಸರುಂಟು. 1991ರಲ್ಲಿ ವೃದ್ಧರ ವೈದ್ಯಕೀಯಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ 'ಕ್ಯಾಲಿಫೋರ್ನಿಯಾದ ಮಗಳು' ಎಂಬ ಲಕ್ಷಣಸಮೂಹವನ್ನು ವರ್ಣಿಸುವ ಲೇಖನ ಪ್ರಕಟವಾಯಿತು. ವರ್ಷಗಟ್ಟಲೆ ದೂರವಿದ್ದ ಮಗಳು, ತಾಯಿ ಕೊನೆಯುಸಿರಿನಲ್ಲಿರುವಾಗ ವಿಮಾನದಿಂದಿಳಿದು ಬಂದು, ಇಷ್ಟು ದಿನ ಪಕ್ಕದಲ್ಲಿದ್ದವರೂ ವೈದ್ಯರೂ ಸೇರಿ ಮಾಡಿದ ತೀರ್ಮಾನವನ್ನೆಲ್ಲ ಅಲ್ಲಗಳೆದು, ಇರುವ ಯಂತ್ರಗಳನ್ನೆಲ್ಲ ಹಾಕಿಸಿ ಎಂದು ಪಟ್ಟುಹಿಡಿಯುತ್ತಾಳೆ. ಕ್ಯಾಲಿಫೋರ್ನಿಯಾದ ವೈದ್ಯರು ಅದೇ ವ್ಯಕ್ತಿಯನ್ನು ನ್ಯೂಯಾರ್ಕಿನ ಮಗಳು ಎನ್ನುತ್ತಾರಂತೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ತೀವ್ರನಿಗಾ ಘಟಕಗಳಲ್ಲಿ ಆ ಮಗಳು ಯಾರು, ಆ ಮಗ ಯಾರು ಎಂದು ಈ ಸಭೆಯಲ್ಲಿ ಹೇಳಬೇಕಾಗಿಲ್ಲ. ನಡುರಾತ್ರಿ ದೂರವಾಣಿ ಬರುತ್ತದೆ. ವೆಂಟಿಲೇಟರ್ ಹಾಕಿಸಬೇಕೇ ಬೇಡವೇ ಎಂದು ಅಣ್ಣನೋ ಅತ್ತಿಗೆಯೋ ಕೇಳುತ್ತಾರೆ. ಹಾಕಿಸಿ ಎಂಬ ಮಾತು ಬಾಯಿಂದ ಬರುವುದು ಹೆಚ್ಚಾಗಿ ಪ್ರೀತಿಯಿಂದಲೇ; ಆದರೆ ಬಳಿಯಲ್ಲಿರಲಾಗದ ಸಂಕಟವನ್ನು ಯಂತ್ರದಿಂದ ತೀರಿಸುವ ಆತುರವೂ ಅದರೊಳಗೆ ಬೆರೆತಿರುತ್ತದೆ. ವೈದ್ಯರಾಗಿ ಇದನ್ನು ಎರಡೂ ಕಡೆಯಿಂದ ನೋಡಬೇಕಾಗಿ ಬಂದ ನಾವು ಯಾರನ್ನೂ ದೂರುವುದಿಲ್ಲ. ಮೂರು ವಾರ ಐ.ಸಿ.ಯು.ವಿನಲ್ಲಿ ಕೈಕಾಲು ಕಟ್ಟಿಸಿಕೊಂಡು ಮಲಗಿದವರ ಕಡೆಯಿಂದ ಈ ಪ್ರೀತಿಯನ್ನು ನೋಡುವವರೂ ಬೇಕಲ್ಲವೇ ಎಂದಷ್ಟೇ ಕೇಳುತ್ತೇವೆ.

ಇನ್ನು ಭಾರತದ ಮಾತು. ಇಲ್ಲಿ ಚರಿತ್ರೆ ಒಂದು ವಿಪರ್ಯಾಸದಿಂದ ಆರಂಭವಾಗುತ್ತದೆ. ಮಾರ್ಫಿನ್ ಬರುವುದು ಅಫೀಮಿನಿಂದ. ಕಾನೂನುಬದ್ಧವಾಗಿ ಅಫೀಮನ್ನು ಬೆಳೆದು ಹೊರದೇಶಗಳ ಔಷಧ ತಯಾರಕರಿಗೆ ಒದಗಿಸುವ ರಾಷ್ಟ್ರಗಳಲ್ಲಿ ಭಾರತ ಬಹುಕಾಲದಿಂದ ಪ್ರಮುಖ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದ ರೈತರು ಗಸಗಸೆ ಬೆಳೆಯುತ್ತಾರೆ; ಈಸ್ಟ್ ಇಂಡಿಯಾ ಕಂಪನಿಯ ಕಾಲದ, 1820ರಲ್ಲಿ ಹುಟ್ಟಿದ ಗಾಜೀಪುರದ ಕಾರ್ಖಾನೆ ಅಫೀಮನ್ನು ಸಂಸ್ಕರಿಸುತ್ತದೆ. ಹೀಗಿದ್ದೂ 1985ರಲ್ಲಿ ಬಂದ ಮಾದಕವಸ್ತು ಕಾಯ್ದೆಯ ಬಿಗಿ ಹೇಗಿತ್ತೆಂದರೆ, ಆಸ್ಪತ್ರೆಯೊಂದು ಮಾರ್ಫಿನ್ ಇಟ್ಟುಕೊಳ್ಳಲು ಬೇರೆಬೇರೆ ಇಲಾಖೆಗಳ ಹಲವು ಪರವಾನಗಿಗಳನ್ನು ಪಡೆದು, ಅವೆಲ್ಲವೂ ಏಕಕಾಲದಲ್ಲಿ ಚಾಲ್ತಿಯಲ್ಲಿರುವ ಮುಹೂರ್ತವನ್ನು ಕಾಯಬೇಕಾಗಿತ್ತು. ಲೆಕ್ಕದಲ್ಲಿ ತಪ್ಪಿದರೆ ಸೆರೆಮನೆಯ ಭಯ. ಔಷಧದ ಅಂಗಡಿಗಳು ಅದನ್ನು ತರಿಸುವುದನ್ನೇ ಬಿಟ್ಟವು. 1997ರ ಹೊತ್ತಿಗೆ ದೇಶದಲ್ಲಿ ಮಾರ್ಫಿನ್ ಬಳಕೆ ಶೇಕಡಾ 97ರಷ್ಟು ಕುಸಿದಿತ್ತು. ಆ ವರ್ಷಗಳಲ್ಲಿ ವೈದ್ಯಕೀಯ ಓದಿದ ನಮ್ಮ ಪೀಳಿಗೆಯ ಬಹುಮಂದಿ, ಬಾಯಿಂದ ಕೊಡುವ ಮಾರ್ಫಿನ್ನನ್ನು ಕಣ್ಣಿಂದ ಕಾಣದೆಯೇ ಪದವೀಧರರಾದೆವು. ಗಸಗಸೆಯ ಹೊಲದ ಪಕ್ಕದ ಹಳ್ಳಿಯಲ್ಲಿ ಕ್ಯಾನ್ಸರ್ ರೋಗಿ ನೋವಿನಿಂದ ಹೊರಳಾಡುತ್ತಿದ್ದ. ಅದೇ ಹೊಲದ ಹಾಲು ಹಡಗನ್ನೇರಿ ಹೊರದೇಶಕ್ಕೆ ಹೋಗುತ್ತಿತ್ತು.

ಭಾರತದ ಮೊದಲ ಹಾಸ್ಪೈಸ್ ಆದ ಶಾಂತಿ ಆವೇದನಾ 1986ರಲ್ಲಿ ಮುಂಬಯಿಯಲ್ಲಿ ತೆರೆಯಿತು. ಆದರೆ ದಾರಿ ಬದಲಾದದ್ದು ಕೇರಳದಲ್ಲಿ. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಅರಿವಳಿಕೆ ತಜ್ಞರಾದ ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮತ್ತು ಅವರ ಗೆಳೆಯರು ನೋವು ಹಾಗೂ ಉಪಶಾಮಕ ಆರೈಕೆಗಾಗಿ ಒಂದು ಸಂಘವನ್ನು ಕಟ್ಟಿದರು. ಲಂಡನ್ನಿನಂತೆ ಕಟ್ಟಡಗಳನ್ನು ಕಟ್ಟುತ್ತ ಹೋದರೆ ಬಡ ದೇಶದಲ್ಲಿ ಇದು ಮುಗಿಯುವ ಕೆಲಸವಲ್ಲವೆಂದು ಅವರಿಗೆ ಬೇಗ ಹೊಳೆಯಿತು. ಹೆಚ್ಚಿನವರು ಸಾಯಬಯಸುವುದೂ ತಮ್ಮ ಮನೆಯಲ್ಲಿಯೇ. ಆದುದರಿಂದ ನೆರೆಹೊರೆಯವರಿಗೇ ತರಬೇತಿ ಕೊಟ್ಟು ಮನೆಮನೆಗೆ ಹೋಗುವ ಜಾಲವೊಂದು ಹೊಸ ಶತಮಾನದ ಆರಂಭದಲ್ಲಿ ಉತ್ತರ ಕೇರಳದಲ್ಲಿ ಬೆಳೆಯಿತು. ಶಾಲಾಮಕ್ಕಳು, ಬಸ್ಸಿನ ಕೆಲಸಗಾರರು, ಕೂಲಿಯವರು, ಅಂಗಡಿಯವರು ಚಿಲ್ಲರೆ ಕಾಸು ಕೂಡಿಸಿ ಅದನ್ನು ನಡೆಸಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಕಾನೂನಿನ ಗಂಟನ್ನು ಬಿಡಿಸಲು ರಾಜಗೋಪಾಲ್ ಮೊದಲಾದವರು ಎರಡು ದಶಕ ಕಚೇರಿಗಳ ಮೆಟ್ಟಿಲು ಹತ್ತಿಳಿದರು. ಕೊನೆಗೆ 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, ಅಗತ್ಯ ಔಷಧಗಳಿಗೆ ಒಂದೇ ಪರವಾನಗಿ ಸಾಕೆಂಬ ವ್ಯವಸ್ಥೆಯನ್ನು ತಂದಿತು. ಕರುಣೆಯೆಂದರೆ ಕಣ್ಣೀರು ಮಾತ್ರವೆಂದು ತಿಳಿದವರು ಈ ಎರಡು ದಶಕಗಳ ಕಡತಗಳನ್ನು ಕಲ್ಪಿಸಿಕೊಳ್ಳಬೇಕು.

ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಸಂಸ್ಥೆಯೂ ಕೂಡಿ ಒಂದು ಟ್ರಸ್ಟನ್ನು ಸ್ಥಾಪಿಸಿದವು. ಕಟ್ಟಡ ಏಳುವ ಮೊದಲೇ ದಾದಿಯರು ರೋಗಿಗಳ ಮನೆಗೆ ಹೋಗತೊಡಗಿದ್ದರು. 1999ರಲ್ಲಿ ಮಾರತಹಳ್ಳಿಯ ಬಳಿ 'ಕರುಣಾಶ್ರಯ' ತೆರೆಯಿತು. ಚಿಕಿತ್ಸೆಯ ದಾರಿ ಮುಗಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಆರೈಕೆ ಮಾಡುತ್ತಾರೆ.

ಈ ಚರಿತ್ರೆಯಲ್ಲಿ ಕನ್ನಡನಾಡಿನ ಮಗಳೊಬ್ಬಳ ಹೆಸರು ಸೇರಿದ್ದು ಅತ್ಯಂತ ದಾರುಣವಾದ ರೀತಿಯಲ್ಲಿ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರಿನಲ್ಲಿ ನೌಕರನೊಬ್ಬನ ಅಮಾನುಷ ಹಲ್ಲೆಯಿಂದ ಮಿದುಳಿಗೆ ಪ್ರಾಣವಾಯು ತಪ್ಪಿ, ಮತ್ತೆಂದೂ ಪೂರ್ಣಪ್ರಜ್ಞೆಗೆ ಬರಲಿಲ್ಲ. ಸುಮಾರು 42 ವರ್ಷ, 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಅದೇ ಆಸ್ಪತ್ರೆಯ ವಾರ್ಡಿನಲ್ಲಿ ದಾದಿಯರು ಅವರನ್ನು ನೋಡಿಕೊಂಡರು. ಅಷ್ಟು ದೀರ್ಘಕಾಲ ಹಾಸಿಗೆ ಹಿಡಿದವರ ಮೈಯಲ್ಲಿ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲವೆಂಬ ಮಾತು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ದಾಖಲಾಗಿದೆ. ಈ ವಾಕ್ಯದ ತೂಕ ವೈದ್ಯರಿಗೆ, ದಾದಿಯರಿಗೆ ಗೊತ್ತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ, ಒದ್ದೆಯನ್ನು ಒರೆಸದಿದ್ದರೆ ಹುಣ್ಣಾಗಲು ಎರಡು ದಿನ ಸಾಕು. ಅರುಣಾ ಅವರ ಜೊತೆಯವರು ಒಬ್ಬೊಬ್ಬರಾಗಿ ನಿವೃತ್ತರಾದರು. ಆಕೆಯ ದನಿಯನ್ನೇ ಕೇಳಿರದ, ಆಕೆಗೆ ಈ ಗತಿ ಬಂದಾಗ ಇನ್ನೂ ಹುಟ್ಟಿರದ ಹುಡುಗಿಯರು ಆ ಕೆಲಸವನ್ನು ವಹಿಸಿಕೊಂಡರು. ಪತ್ರಕರ್ತೆ ಪಿಂಕಿ ವಿರಾನಿ ಅವರು, ಅರುಣಾರಿಗೆ ಒತ್ತಾಯದಿಂದ ಆಹಾರ ಕೊಡುವುದನ್ನು ನಿಲ್ಲಿಸಿ ಮುಕ್ತಿ ಕೊಡಬೇಕೆಂದು ನ್ಯಾಯಾಲಯದ ಮೊರೆಹೊಕ್ಕರು. ದಾದಿಯರು ಅದನ್ನು ವಿರೋಧಿಸಿದರು. 2011ರ ಮಾರ್ಚಿ 7ರಂದು ನ್ಯಾಯಾಲಯ, ಆಕೆಯ ಪರವಾಗಿ ಮಾತನಾಡುವ ಹಕ್ಕು ಆರೈಕೆ ಮಾಡುತ್ತಿರುವವರದೆಂದು ಹೇಳಿ ಅರ್ಜಿಯನ್ನು ತಳ್ಳಿತು. ಆದರೆ ಜೀವಾಧಾರ ಯಂತ್ರಗಳನ್ನು ಹಿಂತೆಗೆಯುವುದಕ್ಕೆ ಕಟ್ಟುನಿಟ್ಟಾದ ಕ್ರಮದಲ್ಲಿ ಅವಕಾಶವುಂಟೆಂದು ದೇಶದಲ್ಲಿ ಮೊದಲ ಬಾರಿಗೆ ಒಪ್ಪಿತು.

ಎರಡೂ ಪಕ್ಷಗಳನ್ನು ನಡೆಸಿದ್ದು ಕರುಣೆಯೇ ಎಂದು ನಮ್ಮ ಭಾವನೆ. ಕರುಣೆ ಒಂದೇ ದಾರಿಯನ್ನು ತೋರಿಸುತ್ತದೆಂಬ ಖಾತರಿಯೇನೂ ಇಲ್ಲ. ಅದಕ್ಕಾಗಿಯೇ ಮಲಗಿರುವವರ ಇಚ್ಛೆಯನ್ನು ಮೊದಲೇ ಕೇಳಿಟ್ಟುಕೊಳ್ಳಬೇಕಾಗಿದೆ. ಅರುಣಾರ ಪ್ರಕರಣ ತೆರೆದ ಬಾಗಿಲಿನಿಂದ, 2018ರ ಮಾರ್ಚಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ವಾಸಿಯಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಪ್ರತಿಯೊಬ್ಬ ವಯಸ್ಕನಿಗೂ ಕೊಟ್ಟಿತು. ಮೊದಲು ನ್ಯಾಯಿಕ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರಲ್ಲಿ ನಿಯಮವನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳು ಹಾಗೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದರು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಈ ತೀರ್ಪನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಬರೆದಿಡುವುದು ಸುಲಭ. ತಂದೆಯವರ ಮುಂದೆ ಕುಳಿತು ಆ ಮಾತನ್ನು ತೆಗೆಯುವುದು ಕಷ್ಟ. ಅಪಶಕುನ ನುಡಿಯಬೇಡ ಎಂದು ತಾಯಿ ಎದ್ದು ಒಳಗೆ ಹೋಗುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಹಿರಿಯರೇ ಈ ಮಾತಿಗಾಗಿ ಕಾದಿರುತ್ತಾರೆ, ಮಕ್ಕಳು ನೊಂದುಕೊಂಡಾರೆಂದು ತಾವಾಗಿ ಎತ್ತುವುದಿಲ್ಲ. ಅವರು ಹೇಳುವುದು ಹೆಚ್ಚಾಗಿ ತೀರ ಸಣ್ಣ ಸಂಗತಿಗಳು: ಮನೆಯ ನಡುಕೋಣೆಯಲ್ಲಿಯೇ ಇರಬೇಕು, ನೋವಾಗಬಾರದು, ಮೂಗಿಗೆ ನಳಿಗೆ ಬೇಡ, ಇಂಥವರನ್ನು ಕರೆಸಬೇಕು, ಇಂಥವರಿಗೆ ಕೊಡಬೇಕಾದ ಹಣ ಉಳಿದಿದೆ.

ಅಂತಹ ಪತ್ರದ ಮಾದರಿಯೊಂದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬೆರಳಚ್ಚು ಮಾಡಿ ತಂದಿದ್ದೇವೆ. ಊರಿನ ಹಿರಿಯರಿಗೆ ಒಂದು, ಇಲ್ಲಿಯ ಕಾನೂನಿಗೆ ಒಪ್ಪುವಂತೆ ನಮಗೆ ಇನ್ನೊಂದು. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಕಾಫಿಯ ಪಕ್ಕದಲ್ಲಿ. ಪ್ರಶ್ನೆಗಳಿದ್ದವರು ಅಲ್ಲಿಗೇ ಬರಬಹುದು.